ಒಂದೇ ಗುಂಡಿನ ಗುರಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಕಡಲೆಕಾಯಿ ಬಲಿಯುವ ಹೊತ್ತಿಗೆ ಗೌರಿಬಿದನೂರು, ಚಿಂತಾಮಣಿ ಕಡೆಯ ಬೆಟ್ಟದ ಬುಡದ ಹೊಲಗಳಲ್ಲಿ ಕಾಡುಹಂದಿಯ ಹಾವಳಿ ಶುರುವಾಗುತ್ತದೆ. ಮುಸುಕಿನ ಜೋಳ ಹಾಲುಗಟ್ಟಿದರೆ ಒಂದೇ ರಾತ್ರಿಯಲ್ಲಿ ಸಾಲುಗಟ್ಟಲೆ ಪೈರು ನೆಲ ಕಚ್ಚುತ್ತದೆ. ಸಾಲ ಮಾಡಿ ಬೋರು ಕೊರೆಸಿ ಬೆಳೆದ ರೈತನ ಸಿಟ್ಟು ಎಂಥದ್ದೆಂದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಸಿಟ್ಟಿನಲ್ಲೇ ಕೆಲವು ಮನೆಗಳ ಅಟ್ಟದಿಂದ ಹಳೆಯ ಒಂಟಿ ನಳಿಗೆಯ ಕೋವಿ ಕೆಳಗಿಳಿಯುತ್ತದೆ. ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ, ಅಪ್ಪನಿಂದ ಮಗನ ಹೆಸರಿಗೆ ಬಂದ ಲೈಸೆನ್ಸ್ ಅದು. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಲೈಸೆನ್ಸುಗಳೆಲ್ಲ ಕೋಲಾರದ ಜಿಲ್ಲಾಧಿಕಾರಿ ಕಚೇರಿಯಿಂದ ಬಂದವು.

ಕೋವಿಯ ಜೊತೆಗೆ ಅದರ ಬಗೆಗಿನ ಮಾತುಗಳೂ ತಲೆಮಾರು ದಾಟಿ ಬಂದಿವೆ. ಅವುಗಳಲ್ಲಿ ಕೆಲವು ಅನುಭವದ ಮಾತು, ಹಲವು ಬರಿಯ ನಂಬಿಕೆ. ಒಂದೇ ಗುಂಡು ತುಂಬುವ ಆಯುಧದಲ್ಲಿ ಎರಡನೇ ಅವಕಾಶ ಸಿಗುವುದು ಅಪರೂಪ. ಮೊದಲ ಗುಂಡು ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲದವನು ಅದನ್ನು ಕೈಯಲ್ಲಿ ಹಿಡಿಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗುರಿ ಕೂರಿಸುವ ಕೆಲಸ ಹೊಲದಲ್ಲಿ ನಡೆಯುವಂಥದ್ದಲ್ಲ. ಅದನ್ನು ಹಗಲಿನಲ್ಲಿ, ಕಾಗದದ ಮೇಲೆ, ತಾಳ್ಮೆಯಿಂದ ಮಾಡಬೇಕು.

ತಪ್ಪು ಕಲ್ಪನೆ: ರೈತನ ಕೋವಿಯೂ ರೈಫಲ್ಲೂ ಒಂದೇ.

ವಾಸ್ತವ: ಎರಡೂ ಬೇರೆ, ಕಾನೂನಿನ ಕಣ್ಣಿನಲ್ಲೂ ಬೇರೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಗುಂಡು ಮೂತಿ ಮುಂದಾಗಿಯೇ ದೂರ ಹೋಗುತ್ತದೆ. ಬೆಳೆ ಕಾಯುವ ಕೋವಿಯ ನಳಿಗೆ ಒಳಗೆ ನುಣುಪು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೇಳುವುದೇ ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೋವಿಯನ್ನು. ಅದು ಸಾಲದೆಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ಬೇರೆ ನುಣುಪು ನಳಿಗೆಯ ಕೋವಿ ಸಿಗಬಹುದು. ಅಮೆರಿಕದ ರೈತರು ಹುಲ್ಲುಗಾವಲಲ್ಲಿ ಬಿಲ ತೋಡುವ ಸಣ್ಣ ಪ್ರಾಣಿಗಳಿಗಾಗಿ ದಪ್ಪ ನಳಿಗೆಯ, ದುರ್ಬೀನು ಹಾಕಿದ, ಒಂದೇ ಗುಂಡಿನ ರೈಫಲ್ಲುಗಳನ್ನು ಇಟ್ಟುಕೊಳ್ಳುತ್ತಾರೆ. ಆ ವೀಡಿಯೊಗಳನ್ನು ನೋಡಿ ನಮ್ಮ ಹುಡುಗರು ಅದೇ ಲೆಕ್ಕವನ್ನು ಮನೆಯ ಕೋವಿಗೆ ಹಾಕುತ್ತಾರೆ. ಇನ್ನೂರು ಮೀಟರ್ ಆಚೆಯ ಮಾತು ನುಣುಪು ನಳಿಗೆಗೆ ಅನ್ವಯಿಸುವುದೇ ಇಲ್ಲ.

ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ: ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೇಕೆ ಬೇಕು ಎಂದು. ಕೊಡವರಿಗೂ ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಅದು ಅವರಿಗಷ್ಟೇ ಸಲ್ಲುವ ವಿನಾಯಿತಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರಲ್ಲ, ಅವರಿಂದ ನಾವು ಕಲಿಯಬೇಕಾದದ್ದು ಅದು: ಆಯುಧವನ್ನು ಹಗಲು ಬೆಳಕಿನಲ್ಲಿ, ಹತ್ತು ಜನರ ಕಣ್ಣೆದುರು, ಕದಲದ ಗುರಿಯ ಮೇಲೆ ಪರೀಕ್ಷಿಸುವ ಪದ್ಧತಿ.

ತಪ್ಪು ಕಲ್ಪನೆ: ಕಾರ್ಖಾನೆಯಿಂದ ಬರುವಾಗಲೇ ಗುರಿ ಕೂತಿರುತ್ತದೆ.

ವಾಸ್ತವ: ಕಾರ್ಖಾನೆಯವರು ಗುರಿ ನೋಡುವ ಸೈಟನ್ನು ಕೂರಿಸುವುದು ಯಾವುದೋ ಒಂದು ತೋಟಾಕ್ಕೆ, ಯಾರದೋ ಕಣ್ಣಿಗೆ. ನಿಮ್ಮ ಕೆನ್ನೆ ಹಿಡಿಯ ಮೇಲೆ ಕೂರುವ ಜಾಗ ಬೇರೆ, ಕತ್ತಿನ ಉದ್ದ ಬೇರೆ, ನೀವು ಕೊಂಡ ತೋಟಾದ ವೇಗ ಬೇರೆ. ಅಣ್ಣ ಹೊಡೆದರೆ ನಡುವಿಗೆ ಬೀಳುವ ಗುಂಡು ತಮ್ಮ ಹೊಡೆದರೆ ಎರಡು ಬೆರಳು ಎಡಕ್ಕೆ ಬೀಳುವುದುಂಟು, ಅದರಲ್ಲಿ ಆಶ್ಚರ್ಯವೇನಿಲ್ಲ. ಸಣ್ಣ ಬೋರಿನ .22 ರೈಫಲ್ಲಿನಲ್ಲಂತೂ ಒಂದೇ ಕಂಪನಿಯ ತೋಟಾ ಆದರೂ ಒಂದು ಲಾಟಿಗೂ ಇನ್ನೊಂದು ಲಾಟಿಗೂ ವ್ಯತ್ಯಾಸ ಕಾಣುತ್ತದೆ. ಸ್ಪರ್ಧೆಗೆ ಹೋಗುವವರು ಒಂದು ಲಾಟು ಒಗ್ಗಿತೆಂದರೆ ಅದನ್ನೇ ಕೂಡಿಡುವುದು ಈ ಕಾರಣಕ್ಕೆ.

ಒಮ್ಮೆ ಕೂರಿಸಿದ ಗುರಿಯೂ ಶಾಶ್ವತವಲ್ಲ. ಚುನಾವಣೆ ಬಂದಾಗ ಲೈಸೆನ್ಸ್ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಹತ್ತಾರು ಕೋವಿಗಳ ನಡುವೆ ಒರಗಿಕೊಂಡಿದ್ದು ವಾರಗಟ್ಟಲೆ ಕಳೆದು ಮನೆಗೆ ಬರುತ್ತದೆ. ಸೈಟಿಗೆ ಎಲ್ಲಾದರೂ ತಗುಲಿದೆಯೋ, ತಿರುಪು ಸಡಿಲಾಗಿದೆಯೋ ನೋಡದೆ ಅದನ್ನು ನಂಬುವುದು ಸರಿಯಲ್ಲ. ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು. ಅದೂ ಒಂದೊಂದೇ ಗುಂಡು ತುಂಬಿ ಹೊಡೆಯುವ ರೈಫಲ್. ಫೈನಲ್ಲಿಗೆ ಮುಂಚೆ ಗುರಿ ನೋಡಲು ಹೊಡೆದ ಗುಂಡು ನಡುವಿನಿಂದ ಬಹಳ ದೂರ ಬಿತ್ತೆಂದೂ, ಇದ್ದ ಕೆಲವೇ ನಿಮಿಷಗಳಲ್ಲಿ ಸೈಟನ್ನು ಮತ್ತೆ ಸರಿಪಡಿಸಬೇಕಾಯಿತೆಂದೂ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಪರೀಕ್ಷೆಯ ಗುಂಡು ಹೊಡೆಯದೆ ಫೈನಲ್ಲಿಗೆ ಇಳಿದಿದ್ದರೆ ಗತಿ ಏನಾಗುತ್ತಿತ್ತು ಎಂದು ಯೋಚಿಸಿ.

ಈ ಪರೀಕ್ಷೆಯನ್ನು ಊರ ಪಕ್ಕದ ಕೆರೆಯಂಗಳದಲ್ಲಿ ಮಾಡುವಂತಿಲ್ಲ. ಲೈಸೆನ್ಸ್ ಇರುವ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ, ಅಲ್ಲಿನವರ ಉಸ್ತುವಾರಿಯಲ್ಲಿ ಮಾಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಲೈಸೆನ್ಸಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯ ಮಾಡಿವೆ. ಅಜ್ಜನ ಕೋವಿ ಹೆಸರಿಗೆ ಬಂದವರೂ ಆ ತರಬೇತಿಯನ್ನು ಬರೀ ಸರ್ಟಿಫಿಕೇಟಿಗೆಂದು ತಿಳಿಯದೆ ಮನಸ್ಸಿಟ್ಟು ಪಡೆಯಲಿ.

ತಪ್ಪು ಕಲ್ಪನೆ: ಗುಂಡು ನಳಿಗೆಯಿಂದ ಹೊರಟ ಮೇಲೆ ಮೊದಲು ಮೇಲಕ್ಕೆ ಏಳುತ್ತದೆ, ಆಮೇಲೆ ನೇರ ಹೋಗುತ್ತದೆ.

ವಾಸ್ತವ: ಹೊರಬಂದ ಗಳಿಗೆಯಿಂದಲೇ ಗುಂಡು ಬೀಳುತ್ತಿರುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಮಟ್ಟವಾಗಿ ಹಿಡಿದ ನಳಿಗೆಯಿಂದ ಹೊರಟ ಗುಂಡೂ ಅದೇ ಎತ್ತರದಲ್ಲಿ ಅದೇ ಕ್ಷಣ ಕೈಯಿಂದ ಜಾರಿಬಿಟ್ಟ ಗುಂಡೂ ಒಟ್ಟಿಗೇ ನೆಲ ಮುಟ್ಟುತ್ತವೆ. ಮೇಲೇಳುವಂತೆ ಕಾಣುವುದಕ್ಕೆ ಕಾರಣ ಸೈಟು. ಕಣ್ಣು ನೋಡುವ ಗೆರೆ ನಳಿಗೆಗಿಂತ ಎರಡು-ನಾಲ್ಕು ಸೆಂಟಿಮೀಟರ್ ಮೇಲಿರುತ್ತದೆ. ಎರಡೂ ಎಲ್ಲೋ ಒಂದೆಡೆ ಕೂಡಬೇಕೆಂದು ನಳಿಗೆಯನ್ನು ಕೂದಲೆಳೆಯಷ್ಟು ಮೇಲ್ಮುಖವಾಗಿ ಕೂರಿಸಿರುತ್ತಾರೆ. ಹಾಗಾಗಿ ಗುಂಡು ಕಣ್ಣಿನ ಗೆರೆಯನ್ನು ಎರಡು ಸಲ ದಾಟುತ್ತದೆ, ಹೋಗುವಾಗ ಒಮ್ಮೆ, ಬೀಳುವಾಗ ಒಮ್ಮೆ.

ಸಾಮಾನ್ಯ .22 ತೋಟಾವನ್ನೇ ತೆಗೆದುಕೊಳ್ಳಿ. ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ದುರ್ಬೀನು ಹಾಕಿದ ರೈಫಲ್ಲನ್ನು 50 ಮೀಟರಿಗೆ ಗುರಿ ಕೂರಿಸಿದರೆ, ಗುಂಡು ಕಣ್ಣಿನ ಗೆರೆಯನ್ನು ಮೊದಲು ದಾಟುವುದು 15ರಿಂದ 20 ಮೀಟರಿನ ನಡುವೆ ಎಲ್ಲೋ. ಅಲ್ಲಿಂದ 50 ಮೀಟರಿನವರೆಗೆ ಗೆರೆಗಿಂತ ಒಂದೂವರೆ ಸೆಂಟಿಮೀಟರ್ ಮೇಲೂ ಹೋಗುವುದಿಲ್ಲ. ಆದರೆ 100 ಮೀಟರಿನಲ್ಲಿ ಅದೇ ಗುಂಡು ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ದೂರ ಎರಡು ಪಟ್ಟಾಯಿತು, ಬೀಳುವಿಕೆ ಮಾತ್ರ ನಾಲ್ಕು ಪಟ್ಟಿಗೂ ಮಿಕ್ಕಿತು. ದೂರವನ್ನು ಕಣ್ಣಂದಾಜಿನಲ್ಲಿ ಹೇಳುವವರು ಬೆಳಗಿನ ಮಂಜಿನಲ್ಲಿ 60 ಮೀಟರನ್ನು 100 ಎನ್ನುತ್ತಾರೆ. ಹೊಲದ ಬದುವಿನಿಂದ ಬದುವಿಗೆ ಹೆಜ್ಜೆ ಹಾಕಿ ಅಳೆದುಕೊಳ್ಳುವುದು ಎಲ್ಲಕ್ಕಿಂತ ಮೇಲು.

ತಪ್ಪು ಕಲ್ಪನೆ: ಒಂದು ಗುಂಡು ಹೊಡೆದು ನೋಡಿ, ಎಷ್ಟು ತಪ್ಪಿದೆಯೋ ಅಷ್ಟು ತಿರುಗಿಸಿದರೆ ಆಯಿತು.

ವಾಸ್ತವ: ಹೆಚ್ಚು ತೋಟಾ ವ್ಯರ್ಥವಾಗುವುದು ಈ ಆತುರದಿಂದಲೇ. ಒಂದೇ ಗುಂಡು ನಿಮ್ಮ ಉಸಿರಿನ ತಪ್ಪನ್ನು ಹೇಳುತ್ತಿದೆಯೋ, ಸೈಟಿನ ತಪ್ಪನ್ನು ಹೇಳುತ್ತಿದೆಯೋ ತಿಳಿಯುವುದಿಲ್ಲ. ಗುಂಡಿಗೊಮ್ಮೆ ಸೈಟು ತಿರುಗಿಸುತ್ತಾ ಹೋದರೆ ಗುರಿಯ ಸುತ್ತ ಓಡಾಡುತ್ತೀರಿ ಹೊರತು ನಡುವಿಗೆ ಬರುವುದಿಲ್ಲ. ಮೂರೋ ಐದೋ ಗುಂಡುಗಳನ್ನು ಒಂದೇ ಚುಕ್ಕೆಗೆ ಗುರಿಯಿಟ್ಟು, ಅವಸರವಿಲ್ಲದೆ ಹೊಡೆಯಬೇಕು. ತೂತುಗಳ ಗುಂಪಿನ ನಡುವನ್ನು ಗುರುತಿಸಿ, ಆ ನಡುವನ್ನು ಸರಿಸಬೇಕು. ಗುಂಪು ಚಿಕ್ಕದಾಗಿದ್ದು ಎಲ್ಲೋ ಒಂದು ಮೂಲೆಯಲ್ಲಿ ಬಿದ್ದರೆ ಸಂತೋಷಪಡಿ, ಅದನ್ನು ಸರಿಸುವುದು ಸುಲಭ. ತೂತುಗಳು ಚೆದುರಿ ಬಿದ್ದರೆ ಸೈಟನ್ನು ಮುಟ್ಟಬೇಡಿ. ದೋಷ ಹಿಡಿಯುವ ಕೈಯಲ್ಲಿದೆ, ತೋಟಾದಲ್ಲಿದೆ, ಇಲ್ಲವೇ ಸಡಿಲವಾದ ಯಾವುದೋ ತಿರುಪಿನಲ್ಲಿದೆ.

ಲೆಕ್ಕ ಸರಳ. ತೆರೆದ ಸೈಟಿನಲ್ಲಿ, ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 50 ಸೆಂಟಿಮೀಟರ್ ಇದೆ, 50 ಮೀಟರಿನಲ್ಲಿ ಗುಂಪು 10 ಸೆಂಟಿಮೀಟರ್ ಎಡಕ್ಕೆ ಬಿದ್ದಿದೆ ಎನ್ನಿ. ಆಗ ಸೈಟನ್ನು ಸರಿಸಬೇಕಾದದ್ದು ಕೇವಲ ಒಂದು ಮಿಲಿಮೀಟರ್. ಹಿಂದಿನ ಸೈಟಾದರೆ ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು, ಇಲ್ಲಿ ಬಲಕ್ಕೆ. ಮುಂದಿನ ಸೈಟಾದರೆ ಅದಕ್ಕೆ ತದ್ವಿರುದ್ಧ. ಸುತ್ತಿಗೆಯಲ್ಲಿ ಬಡಿದು ಅಂದಾಜಿಗೆ ಸರಿಸುವವರು ಈ ಒಂದು ಮಿಲಿಮೀಟರನ್ನು ನೆನಪಿಟ್ಟುಕೊಳ್ಳಲಿ. ದುರ್ಬೀನಿನಲ್ಲಿ ಲೆಕ್ಕ ಕ್ಲಿಕ್ಕಿನದು. ಹೆಚ್ಚಿನವುಗಳಲ್ಲಿ ಒಂದು ಕ್ಲಿಕ್ಕಿಗೆ ಗುಂಡು 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್ ಸರಿಯುತ್ತದೆ, 50 ಮೀಟರಿನಲ್ಲಿ ಅದರ ಅರ್ಧ. 50 ಮೀಟರಿನಲ್ಲಿ 5 ಸೆಂಟಿಮೀಟರ್ ತಪ್ಪಿದ್ದರೆ ಹದಿನಾಲ್ಕು ಕ್ಲಿಕ್. ತಿರುಗಿಸಿದ ಮೇಲೆ ಇನ್ನೊಂದು ಗುಂಪು ಹೊಡೆದು ಖಚಿತಪಡಿಸಿಕೊಳ್ಳಿ. ತಾರೀಖು, ತೋಟಾದ ಹೆಸರು, ದೂರ, ಗಾಳಿ ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತಪ್ಪು ಕಲ್ಪನೆ: ಒಂದೇ ಗುಂಡಿನ ರೈಫಲ್ ತನ್ನಷ್ಟಕ್ಕೆ ತಾನೇ ನಿಖರ. ಅದನ್ನು ಹದ ಮಾಡಬೇಕಿಲ್ಲ.

ವಾಸ್ತವ: ಮ್ಯಾಗಜಿನ್ ಇಲ್ಲದ್ದರಿಂದ ಅದರ ಒಡಲು ಗಟ್ಟಿ ಎಂಬುದು ನಿಜ. ಆದರೆ ನಳಿಗೆ ಮಡಚುವ ಅಥವಾ ಗುಂಡು ತುಂಬುವ ಬಾಗಿಲು ಕೆಳಗಿಳಿಯುವ ಹಲವು ಒಂಟಿ ಗುಂಡಿನ ರೈಫಲ್ಲುಗಳಲ್ಲಿ ಮರ ಎರಡು ತುಂಡು, ಹಿಡಿ ಹಿಂದೆ, ಕೈಯೂರುವ ತುಂಡು ಮುಂದೆ. ಆ ಮುಂದಿನ ತುಂಡನ್ನು ನಳಿಗೆಗೇ ತಿರುಪಿನಿಂದ ಬಿಗಿದಿರುತ್ತಾರೆ. ಅದರ ಒತ್ತಡ ಬದಲಾದಂತೆಲ್ಲ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಕುಗ್ಗುತ್ತದೆ. ಕಾರ್ತಿಕದಲ್ಲಿ ನಡುವಿಗೆ ಬೀಳುತ್ತಿದ್ದ ಗುಂಡು ಚೈತ್ರದಲ್ಲಿ ಬದಿಗೆ ಬಿದ್ದರೆ ಮೊದಲು ಮರವನ್ನೂ ತಿರುಪನ್ನೂ ನೋಡಿ. ತಿರುಪುಗಳನ್ನು ಪ್ರತಿ ಸಲವೂ ಒಂದೇ ಬಿಗಿಗೆ ಬಿಗಿಯುವುದು ಮುಖ್ಯ. ಶಕ್ತಿ ಇದ್ದಷ್ಟೂ ಬಿಗಿದರೆ ಮರ ಸೀಳುತ್ತದೆ.

ನಮ್ಮ ಸೀಮೆಯ ದೊಡ್ಡ ತಪ್ಪು ಬೇರೊಂದಿದೆ. ಎಲ್ಲಿ ನೋಡಿದರೂ ಕಲ್ಲುಬಂಡೆ ಇರುವುದರಿಂದ ನಳಿಗೆಯನ್ನೇ ಬಂಡೆಯ ಮೇಲೆ ಊರಿ ಹೊಡೆಯುವ ಅಭ್ಯಾಸ. ಗುಂಡು ಹಾರುವಾಗ ನಳಿಗೆ ಅದುರುತ್ತದೆ. ಗಟ್ಟಿ ಕಲ್ಲು ತಗುಲಿದರೆ ಅದು ಅಲ್ಲಿಂದ ಚಿಮ್ಮಿ ಗುಂಡು ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಊರಬೇಕಾದದ್ದು ನಳಿಗೆಯನ್ನಲ್ಲ, ಮುಂದಿನ ಮರವನ್ನು. ಅದರ ಕೆಳಗೆ ಮರಳು ತುಂಬಿದ ಚೀಲವಿರಲಿ, ರಾಗಿ ತುಂಬಿದ ಸಣ್ಣ ಚೀಲವೂ ಆದೀತು.

ಹದ ಮಾಡುವುದೆಂದರೆ ಅರ ಹಿಡಿದು ಉಜ್ಜುವುದು ಎಂದುಕೊಂಡವರೂ ಇದ್ದಾರೆ. ಟ್ರಿಗರ್ ಹಗುರಾಗಲೆಂದು ಅದರ ಕಚ್ಚನ್ನು ಉಜ್ಜಿದ ಕೋವಿ ನೆಲಕ್ಕೆ ಬಿದ್ದ ಏಟಿಗೇ ಹಾರಬಹುದು. ಲೈಸೆನ್ಸಿಲ್ಲದೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು ಕಾಯಿದೆಯ 6ನೇ ಕಲಮಿನ ಪ್ರಕಾರ ಅಪರಾಧ. ಕೋವಿ ರಿಪೇರಿ ಮಾಡುವ ಅಂಗಡಿಗೂ ಲೈಸೆನ್ಸ್ ಬೇಕು. ಬೆಸುಗೆ ಹಾಕುವ ಅಂಗಡಿಯವನ ಕೈಗೆ ಕೋವಿ ಕೊಡಬೇಡಿ.

ತಪ್ಪು ಕಲ್ಪನೆ: ದುರ್ಬೀನು ಹಾಕಿಸಿದರೆ ಗುರಿ ತಾನಾಗಿ ಕೂರುತ್ತದೆ.

ವಾಸ್ತವ: ದುರ್ಬೀನು ಹತ್ತಿರ ತೋರಿಸುತ್ತದೆ, ಅಷ್ಟೆ. ಕೈ ನಡುಗುವುದನ್ನೂ ಅಷ್ಟೇ ದೊಡ್ಡದಾಗಿ ತೋರಿಸುತ್ತದೆ. ಅದನ್ನು ಹಿಡಿದ ಬಳೆಗಳು ಸಡಿಲವಿದ್ದರೆ ಎಷ್ಟು ಬೆಲೆಯ ಗಾಜಾದರೂ ಪ್ರಯೋಜನವಿಲ್ಲ. ತೆರೆದ ಸೈಟಿನವರು ಮಾಡುವ ತಪ್ಪೆಂದರೆ ಗುರಿಯನ್ನೇ ದಿಟ್ಟಿಸುವುದು. ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಸ್ಪಷ್ಟವಾಗಿರಬೇಕಾದದ್ದು ಮುಂದಿನ ಸೈಟು, ಗುರಿ ತುಸು ಮಸುಕಾಗಿದ್ದರೂ ನಡೆಯುತ್ತದೆ.

ತಪ್ಪು ಕಲ್ಪನೆ: ಮೊದಲ ಗುಂಡು ಲೆಕ್ಕಕ್ಕಿಲ್ಲ, ನಳಿಗೆ ಬಿಸಿಯಾದ ಮೇಲೆ ನೋಡಬೇಕು.

ವಾಸ್ತವ: ಸ್ಪರ್ಧೆಯಲ್ಲಿ ಅರವತ್ತು ಗುಂಡು ಹೊಡೆಯುವವರಿಗೆ ಆ ಮಾತು ಸರಿ. ಒಂದೇ ಗುಂಡು ಹೊಡೆಯುವವನಿಗೆ ತಣ್ಣನೆಯ ನಳಿಗೆಯ ಮೊದಲ ಗುಂಡೇ ಎಲ್ಲ. ತುಕ್ಕು ಹಿಡಿಯದಿರಲೆಂದು ಒಳಗೆ ಎಣ್ಣೆ ಸವರಿಟ್ಟ ನಳಿಗೆಯ ಮೊದಲ ಗುಂಡು ಉಳಿದವುಗಳ ಜೊತೆ ಬೀಳದೆ ಬೇರೆಡೆಗೆ ಹೋಗುವುದು ಸಾಮಾನ್ಯ. ಹೊಡೆಯುವ ಮುಂಚೆ ಒಣ ಬಟ್ಟೆಯಿಂದ ನಳಿಗೆಯ ಒಳಗನ್ನು ಒರೆಸಬೇಕು. ಬೇರೆ ಬೇರೆ ದಿನ, ತಣ್ಣಗಿರುವಾಗ ಹೊಡೆದ ಮೊದಲ ಗುಂಡುಗಳನ್ನು ಒಂದೇ ಕಾಗದದ ಮೇಲೆ ಗುರುತಿಸಿಕೊಂಡು ಬಂದರೆ ನಿಮ್ಮ ಕೋವಿಯ ನಿಜವಾದ ಗುಣ ತಿಳಿಯುತ್ತದೆ.

ಒರೆಸುವುದರಿಂದ ಜೀವವೂ ಉಳಿಯುತ್ತದೆ. ಗೋಡೆಗೆ ನೇತುಹಾಕಿದ ಕೋವಿಯ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಆಯುಧಪೂಜೆಯ ದಿನ ನಳಿಗೆಯ ಬಾಯಿಗೆ ಹಚ್ಚಿದ ಅರಿಸಿನ ಕುಂಕುಮ ಒಳಗಿಳಿದು ಒಣಗಿ ಹೆಪ್ಪುಗಟ್ಟಿರಬಹುದು. ದಾರಿ ಕಟ್ಟಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಬೆರಳು, ಕಣ್ಣು ಹೋಗುತ್ತವೆ. ಕೋವಿ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ಬಾಗಿಲು ತೆರೆದು, ನಳಿಗೆಯ ಮೂಲಕ ಬೆಳಕು ಹಾಯುವುದನ್ನು ನೋಡಿ. ಮದ್ದು ಜಡಿಯುವ ಕೋವಿಯಲ್ಲಿ ಬೆಳಕು ಹಾಯುವುದಿಲ್ಲವಾದ್ದರಿಂದ ಗಜ ಇಳಿಸಿ ಅಳತೆ ನೋಡಬೇಕು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಳಸಿದ ದಿನವೇ ಬಿಸಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ನಳಿಗೆ ಒಳಗೇ ತಿಂದುಹೋಗುತ್ತದೆ.

ತಪ್ಪು ಕಲ್ಪನೆ: ಯಾರೋ ಕೋವಿಗೆ ಕಟ್ಟು ಮಾಡಿಸಿದ್ದಾರೆ, ಅದಕ್ಕೇ ಗುರಿ ತಪ್ಪುತ್ತಿದೆ.

ವಾಸ್ತವ: ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಚ್. ನರಸಿಂಹಯ್ಯನವರ ಊರು. ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪವಾಡಗಳನ್ನು ಪರೀಕ್ಷೆಗೆ ಕರೆದ ಮನುಷ್ಯ ಹುಟ್ಟಿದ ನೆಲ ಇದು. ಕಾಗದಕ್ಕೆ ಐದು ಗುಂಡು ಹೊಡೆದರೆ ಕಟ್ಟು ಇದೆಯೋ ತಿರುಪು ಸಡಿಲವಿದೆಯೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ನಿಂಬೆಹಣ್ಣು, ತಾಯಿತಕ್ಕೆ ಕೊಡುವ ಹಣವನ್ನು ರೇಂಜಿಗೆ ಹೋಗಿಬರುವ ಬಸ್ಸಿಗೆ ಕೊಡಿ.

ತಪ್ಪು ಕಲ್ಪನೆ: ಚರೆ ಹರಡುತ್ತದೆ, ಗುರಿ ಬೇಕಿಲ್ಲ.

ವಾಸ್ತವ: ಚರೆಯ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳ, ಹರವನ್ನೂ ಕಾಗದದ ಮೇಲೆ ನೋಡಲೇಬೇಕು. 12 ಬೋರಿನ ಕೋವಿಯನ್ನು ಅಳೆಯುವ ಹಳೆಯ ಕ್ರಮ ಹೀಗಿದೆ: 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ಹೆಚ್ಚು ತೂತು ಬಿದ್ದ ಕಡೆ 30 ಅಂಗುಲ ಅಗಲದ ವೃತ್ತ ಬರೆದು, ಅದರೊಳಗೆ ಬಿದ್ದ ಚರೆ ಎಣಿಸುವುದು. ಬಾಯಿ ಕಿರಿದಿಲ್ಲದ ನಳಿಗೆಯಲ್ಲಿ ನೂರಕ್ಕೆ ಸುಮಾರು 40 ಚರೆ ಒಳಗೆ ಬೀಳುತ್ತವೆ, ಪೂರ್ತಿ ಕಿರಿದಾದ ಬಾಯಿಯಲ್ಲಿ 70. ಉಳಿದ ಚರೆಗಳು ಎಲ್ಲಿ ಹೋದವು? ವೃತ್ತದ ಆಚೆ ಹೋದವು. ಅಲ್ಲಿ ಪಕ್ಕದ ಹೊಲದವರ ಹಸು ಇರಬಹುದು, ಮಗು ಇರಬಹುದು. ಎಷ್ಟೋ ಕೋವಿಗಳಲ್ಲಿ ಆ ವೃತ್ತದ ನಡುವೇ ಗುರಿಯ ಚುಕ್ಕೆಯಿಂದ ಒಂದು ಗೇಣು ಸರಿದಿರುತ್ತದೆ, ಹಿಡಿಯ ಉದ್ದ ಹೊಡೆಯುವವನ ತೋಳಿಗೆ ಹೊಂದದ ಕಾರಣ.

ತಪ್ಪು ಕಲ್ಪನೆ: ಬೆಟ್ಟದ ಮೇಲಕ್ಕೆ ಹೊಡೆಯುವಾಗ ಮೇಲೆ ಗುರಿಯಿಡಬೇಕು, ಕೆಳಕ್ಕಾದರೆ ಕೆಳಗೆ.

ವಾಸ್ತವ: ನಂದಿ, ಅಂಬಾಜಿದುರ್ಗ, ಕೈವಾರದ ಬೆಟ್ಟಗಳ ಆಸುಪಾಸಿನವರಿಗೆ ಈ ಪ್ರಶ್ನೆ ಸಹಜ. ಏರಿರಲಿ ಇಳಿಜಾರಿರಲಿ, ಸಮನೆಲಕ್ಕೆ ಕೂರಿಸಿದ ಗುರಿಯಲ್ಲಿ ಗುಂಡು ಎರಡು ಕಡೆಯೂ ತುಸು ಮೇಲಕ್ಕೇ ಬೀಳುತ್ತದೆ. ಭೂಮಿಯ ಸೆಳೆತ ಗುಂಡನ್ನು ಗೆರೆಯಿಂದ ಇಳಿಸುವುದು ಅಡ್ಡ ದೂರಕ್ಕೆ ತಕ್ಕಂತೆ, ಓರೆ ದೂರಕ್ಕೆ ತಕ್ಕಂತೆ ಅಲ್ಲ. ಹತ್ತಿರದ ಗುರಿಗೆ ಈ ವ್ಯತ್ಯಾಸ ಅತ್ಯಲ್ಪ. ಗಾಳಿ ಹಾಗಲ್ಲ. ಆಷಾಢದಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದ ಅಡ್ಡಗಾಳಿ ಎದ್ದರೆ .22 ಗುಂಡು 100 ಮೀಟರಿನಲ್ಲಿ ಹತ್ತಿರ ಹತ್ತಿರ 10 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗುರಿ ಕೂರಿಸಲು ಬೆಳಗಿನ ನಿಶ್ಚಲ ಹೊತ್ತನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಗಾಳಿಯ ತಪ್ಪನ್ನು ಸೈಟಿಗೆ ಕಟ್ಟಿಬಿಡುತ್ತೀರಿ.

ತಪ್ಪು ಕಲ್ಪನೆ: .22 ಚಿಕ್ಕದು, ಏರ್‌ಗನ್ ಆಟಿಕೆ.

ವಾಸ್ತವ: .22 ಗುಂಡು ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಬಲ್ಲದು. ನಮ್ಮಲ್ಲಿ ಯಾವ ಹೊಲದಿಂದ ಒಂದೂವರೆ ಕಿಲೋಮೀಟರ್ ಯಾವ ದಿಕ್ಕಿಗೆ ಹೋದರೂ ಒಂದು ಊರು, ಒಂದು ರಸ್ತೆ, ಒಂದು ಕೋಳಿ ಫಾರಂ ಸಿಗುತ್ತದೆ. ಬಂಡೆಗೆ ಅಥವಾ ಕೃಷಿಹೊಂಡದ ನೀರಿಗೆ ಓರೆಯಾಗಿ ಬಡಿದ ಗುಂಡು ಚಿಮ್ಮಿ ಎತ್ತ ಹೋಗುತ್ತದೆಂದು ಹೇಳಲಾಗದು. ಏರ್‌ಗನ್ 4.5 ಮಿಲಿಮೀಟರ್ ಬೋರು, 20 ಜೂಲ್ ಶಕ್ತಿ ಮೀರದಿದ್ದರೆ ಲೈಸೆನ್ಸ್ ಬೇಡ ಎಂಬುದೇನೋ ಸರಿ. ಅದರಿಂದ ದ್ರಾಕ್ಷಿತೋಟದ ಗಿಳಿಗಳನ್ನು ಹೊಡೆಯಬಹುದು ಎಂಬುದು ಸರಿಯಲ್ಲ. ಗಿಳಿ ಸಂರಕ್ಷಿತ ಪಕ್ಷಿ, ನವಿಲಂತೂ ಮೊದಲನೇ ಅನುಸೂಚಿಯಲ್ಲಿದೆ. ದ್ರಾಕ್ಷಿಗೆ ಬಲೆ ಕಟ್ಟಿ. ಮಗನ ಕೈಗೆ ಏರ್‌ಗನ್ ಕೊಡುವುದಾದರೆ ಕಾಗದದ ಗುರಿಯನ್ನೂ ಜೊತೆಗೇ ಕೊಡಿ. ಬೆಂಗಳೂರಿನ ತಿಲೋತ್ತಮಾ ಸೇನ್ ಹದಿಹರೆಯದಲ್ಲೇ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ 2023ರ ಏಷ್ಯನ್ ಚಾಂಪಿಯನ್‌ಶಿಪ್ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ತಂದರು.

ತಪ್ಪು ಕಲ್ಪನೆ: ರಾತ್ರಿ ಪೈರು ಅಲ್ಲಾಡಿದರೆ ಹಂದಿಯೇ.

ವಾಸ್ತವ: ನನಗೆ ಅತ್ಯಂತ ಭಯ ಹುಟ್ಟಿಸುವ ಕಲ್ಪನೆ ಇದೇ. ನಮ್ಮ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರುವುದು ನಡುರಾತ್ರಿಯಲ್ಲಿ. ಕರೆಂಟು ಬಂತೆಂದು ಮೋಟಾರು ಹಾಕಲು, ವಾಲ್ವು ತಿರುಗಿಸಲು ಹೊಲಕ್ಕೆ ಬರುವವನು ಪಕ್ಕದ ಮನೆಯ ಅಣ್ಣನೋ ಚಿಕ್ಕಪ್ಪನೋ ಆಗಿರುತ್ತಾನೆ. ಜೋಳದ ಸಾಲಿನಲ್ಲಿ ಬಗ್ಗಿ ನಡೆಯುವ ಮನುಷ್ಯನಿಗೂ ಹಂದಿಗೂ ಕತ್ತಲಲ್ಲಿ ಸದ್ದಿನ ವ್ಯತ್ಯಾಸ ತಿಳಿಯುವುದಿಲ್ಲ. ಎಷ್ಟೇ ಚೆನ್ನಾಗಿ ಗುರಿ ಕೂತ ಕೋವಿಯಾದರೂ ಕಾಣದ್ದನ್ನು ಗುರುತಿಸಿ ಕೊಡಲಾರದು. ಏನೆಂದು ಕಣ್ಣಾರೆ ಕಾಣದೆ, ಅದರ ಹಿಂದೆ ಏನಿದೆಯೆಂದು ತಿಳಿಯದೆ ಟ್ರಿಗರಿಗೆ ಬೆರಳು ಹೋಗಲೇಬಾರದು.

ತಪ್ಪು ಕಲ್ಪನೆ: ಲೈಸೆನ್ಸ್ ಇದೆ, ಬೆಳೆ ನನ್ನದು, ಹಂದಿ ಹೊಡೆಯಬಹುದು.

ವಾಸ್ತವ: ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಬಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಾಡುಹಂದಿ ಎರಡನೇ ಅನುಸೂಚಿಯ ಪ್ರಾಣಿ. 11ನೇ ಕಲಮಿನಡಿ, ಮನುಷ್ಯರ ಜೀವಕ್ಕಾಗಲಿ ನಿಂತ ಬೆಳೆಗಾಗಲಿ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ಕೊಡಬಹುದು. ಆದೇಶವಿಲ್ಲದೆ ಹೊಡೆದರೆ ಅಪರಾಧ. ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಕಾಯಿದೆ ರಕ್ಷಣೆ ಕೊಡುತ್ತದೆ, ಬೆಳೆಗೆ ಆ ರಕ್ಷಣೆ ಇಲ್ಲ. ಆತ್ಮರಕ್ಷಣೆಗೆ ಕೊಂದ ಪ್ರಾಣಿಯ ದೇಹವೂ ಸರ್ಕಾರದ ಆಸ್ತಿ, ಮಾಂಸ ಹಂಚಿಕೊಳ್ಳುವಂತಿಲ್ಲ.

ಕೇರಳ 2022ರಲ್ಲಿ ಪಂಚಾಯಿತಿ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟು, ಲೈಸೆನ್ಸ್ ಇರುವ ಗುರಿಕಾರರಿಂದ ಹಂದಿ ಹೊಡೆಸುವ ವ್ಯವಸ್ಥೆ ಮಾಡಿತು. ಉತ್ತರಾಖಂಡ, ಬಿಹಾರಗಳಲ್ಲಿ ಕೆಲಕಾಲ ಕಾಡುಹಂದಿಯನ್ನು ಪೀಡೆಪ್ರಾಣಿ ಎಂದು ಕೇಂದ್ರವೇ ಘೋಷಿಸಿತ್ತು. ನಮ್ಮ ಜಿಲ್ಲೆಯ ರೈತಸಂಘಗಳು ಅಂಥ ವ್ಯವಸ್ಥೆ ಬೇಕೆಂದು ಕೇಳುವುದು ನ್ಯಾಯ, ನಾನೂ ಅದರ ಪರ. ಅದು ಬಂದ ದಿನವೂ ಗುಂಡು ಹೊಡೆಯಬೇಕಾದವರು ಕಾಗದದ ಮೇಲೆ ತಮ್ಮ ಗುರಿ ತೋರಿಸಿದವರೇ ಆಗಿರಬೇಕು. ಅಲ್ಲಿಯವರೆಗೆ, ಹಂದಿ ನುಗ್ಗಿದ ಮರುಬೆಳಿಗ್ಗೆಯೇ ಹೊಲದ ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಬೆಳೆಹಾನಿ ಪರಿಹಾರದ ಅರ್ಜಿ ಹಾಕಿ, ಸ್ವೀಕೃತಿ ಪತ್ರ ಪಡೆದುಕೊಳ್ಳಿ.